ಅಂಟು ತೆಗೆಯುವ ಹುಲಗೇಶ
ಬಣ್ಣದ ಡಬ್ಬಿ ಕಂಡರೆ ಸಾಕು, ಹುಲಗೇಶನ ಪಿತ್ತ ನೆತ್ತಿಗೇರುತ್ತದೆ. ಹೈಟೆಕ್ ಸಿಟಿಯಲ್ಲಿ ಕೆಲಸ ಸಿಕ್ಕವರೆಲ್ಲ ಗೋಡೆಗೆ ಹೂವಿನ ಕಾಗದ ಹಚ್ಚಿಸಿ, ಎರಡೇ ವರ್ಷಕ್ಕೆ ಬೇಸತ್ತು ಕಿತ್ತೆಸೆಯುವ ಕಾಲವಿದು. ಕಾಗದ ಹೋದರೂ ಉಳಿಯುವ ಅಂಟನ್ನು ತೆಗೆಯಲು ಸನತ್‌ನಗರದಿಂದ ಅವನೇ ಬರಬೇಕು. "ಅಂಟಿನ ಮ್ಯಾಲೆ ಬಣ್ಣಾ ಬಳೀತೀರೇನ್ರಿ? ನಾಳೆ ಹಪ್ಪಳದಂಗ ಏಳತೈತಿ!" ಎಂದು ಮನೆಯ ಯಜಮಾನನಾದ ನನ್ನನ್ನೇ ಗದರುತ್ತಾನೆ. ಬಿಸಿನೀರಿನಿಂದ ಗೋಡೆ ನೆನೆಸುತ್ತಾನೆ, ಅಗಲ ತಗಡಿನಿಂದ ಕೆರೆಯುತ್ತಾನೆ, ಕಾಗದ ಹಚ್ಚಿದವನ ಏಳು ತಲೆಮಾರನ್ನು ಬೈಯುತ್ತಾನೆ. ಆಮೇಲೆ ಒದ್ದೆ ಗೋಡೆಯ ಗೇಣು ಗೇಣಿಗೂ ಅಂಗೈ ಸವರಿ, "ಜಾರತೈತಿ. ಅಂಟು ಇನ್ನೂ ಐತಿ" ಎಂದು ಮತ್ತೆ ಮೊದಲಿನಿಂದ ಶುರುಮಾಡುತ್ತಾನೆ. ನಮ್ಮ ಮನೆಯಲ್ಲಿ ಆ ಅಂಗೈ ಮುಟ್ಟದ ಗೋಡೆಯಿಲ್ಲ. ಕೆಲಸ ಮುಗಿದ ದಿನ ಕುಡಿಯಲು ನೀರು ಕೇಳಿದ. ಸ್ಟೀಲ್ ಲೋಟಗಳು ಸಾಲಾಗಿ ಕೂತಿದ್ದರೂ ನನ್ನ ಹೆಂಡತಿ ಗೋದಾವರಿ ಬಿಸಾಡುವ ಕಾಗದದ ಲೋಟದಲ್ಲಿ ಕೊಟ್ಟಳು. ನಮ್ಮದು ಇನ್ನೂ ಜಾತಿ ನೋಡಿ ಅಂಟು ಮುಟ್ಟು ಎನ್ನುವ ಮನೆ. ನಾನು ಅವನ ಕೂಲಿ ಎಣಿಸುತ್ತ ನಿಂತೆ. ಅವನು ನೀರು ಕುಡಿಯಲಿಲ್ಲ. ಲೋಟವನ್ನು ಕೆಳಗಿಟ್ಟು, ಮೊದಲ ಸಲ ದನಿ ತಗ್ಗಿಸಿ ಹೇಳಿದ: "ಗ್ವಾಡೀದು ತಗದೀನ್ರೀ, ಅಕ್ಕಾರ. ನಿಮ್ಮ ಅಂಟು ಇನ್ನೂ ಐತ್ರಿ."