ಪಟ್ಟಿಯಲ್ಲಿ ಒಂದು ಹೆಸರಿಗಾಗಿ ರಾಲಿಗೆ

ವಾಷಿಂಗ್ಟನ್ ಹತ್ತಿರದ ಡಲ್ಲೆಸ್ ವಿಮಾನ ನಿಲ್ದಾಣದಲ್ಲಿ ಇಳಿದಾಗ ಅಕ್ಟೋಬರ್ ಬಿಸಿಲು ಹಿತವಾಗಿತ್ತು, ನನ್ನ ಸೊಂಟ ಮಾತ್ರ ಹಿಡಿದುಕೊಂಡಿತ್ತು. ನಾನು ಧಾರವಾಡದವನು, ಹನ್ನೊಂದು ವರ್ಷದಿಂದ ಭೂತಾನಿನ ಒಂದು ಕಾಲೇಜಿನಲ್ಲಿ ಮಣ್ಣಿನ ವಿಜ್ಞಾನ ಕಲಿಸುತ್ತಿದ್ದೇನೆ. ಪಕ್ಕದ ಶ್ಯಾಂಟಿಲಿಯ ಹೋಟೆಲೊಂದರಲ್ಲಿ ಸಣ್ಣ ದೇಶಗಳ ಉನ್ನತ ಶಿಕ್ಷಣದ ಬಗ್ಗೆ ಎರಡು ದಿನದ ಸಮ್ಮೇಳನವಿತ್ತು. ನಿಜವಾದ ಕೆಲಸ ಬೇರೆಯೇ. ಜಗತ್ತಿನ ಕಾಲೇಜುಗಳಿಗೆ ರ‍್ಯಾಂಕಿಂಗ್ ಕೊಡುವವರು ಪ್ರಾಧ್ಯಾಪಕರಿಗೆಲ್ಲ ಒಂದು ಫಾರಂ ಕಳಿಸುತ್ತಾರೆ: ನಿಮ್ಮ ಸಂಸ್ಥೆಯನ್ನು ಬಿಟ್ಟು, ನಿಮ್ಮ ವಿಷಯದಲ್ಲಿ ಒಳ್ಳೆಯ ಹತ್ತು ಸಂಸ್ಥೆಗಳ ಹೆಸರು ಬರೆಯಿರಿ ಎಂದು. ಹೊರಗಿನವರು ಒಬ್ಬಿಬ್ಬರಾದರೂ ನಮ್ಮ ಹೆಸರು ಬರೆಯುವಂತೆ ಮಾಡಿ ಬನ್ನಿ ಎಂದು ಪ್ರಿನ್ಸಿಪಾಲರು ಹೇಳಿ ಕಳಿಸಿದ್ದರು. ನಮ್ಮ ಕಾಲೇಜು ರ‍್ಯಾಂಕಿಂಗ್ ಪಟ್ಟಿಗೆ ಸೇರದಿದ್ದರೆ ನಾನು ಕಟ್ಟಿ ಬೆಳೆಸಿದ ಎಂ.ಎಸ್ಸಿ. ಮುಂದಿನ ವರ್ಷ ಮುಚ್ಚುವುದಿತ್ತು.

ಸಮ್ಮೇಳನದಲ್ಲಿ ಎದುರಾದವರು ಮೊದಲು ನನ್ನ ಕೊರಳಲ್ಲಿದ್ದ ಬ್ಯಾಡ್ಜ್ ಓದುತ್ತಿದ್ದರು. "ಓ, ಭೂತಾನ್! ಬ್ಯೂಟಿಫುಲ್!" ಎಂದು ಕಾಫಿಯ ಕಡೆಗೆ ಸರಿಯುತ್ತಿದ್ದರು. ಎರಡೂ ಮಧ್ಯಾಹ್ನ ತಣ್ಣನೆಯ ಸ್ಯಾಂಡ್‌ವಿಚ್, ಒಂದು ಸೇಬು. ಒಬ್ಬರೂ ದಕ್ಕಲಿಲ್ಲ.

ಮೂರನೆಯ ದಿನ ವಾಷಿಂಗ್ಟನ್‌ನಿಂದ ಬಸ್ಸು ಹಿಡಿದು ಆರು ಗಂಟೆಗೂ ಹೆಚ್ಚು ಕೂತು ರಾಲಿ ತಲುಪಿದೆ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಶಶಿಧರ ಪ್ರೊಫೆಸರ್. ಧಾರವಾಡದಲ್ಲಿ ನನ್ನ ಸಹಪಾಠಿ. ನನ್ನ ಪ್ರಾಕ್ಟಿಕಲ್ ರೆಕಾರ್ಡ್ ನೋಡಿ ಬರೆದು ಪಾಸಾದವನು. ಬಸ್ ನಿಲ್ದಾಣದಿಂದ ನೇರವಾಗಿ ತನ್ನ ಲ್ಯಾಬಿಗೇ ಕರೆದೊಯ್ದ.

ಮಣ್ಣು ಪರೀಕ್ಷಿಸುವ ಯಂತ್ರ ನಮ್ಮಲ್ಲಿಲ್ಲ. ನನ್ನ ವಿದ್ಯಾರ್ಥಿಗಳು ಪ್ರತಿ ಚಳಿಗಾಲ ಮಣ್ಣಿನ ಚೀಲ ಹೊತ್ತು ಕಾಠ್ಮಂಡುವಿಗೆ ಹೋಗುತ್ತಾರೆ. ಅಲ್ಲಿನ ಪ್ರಾಧ್ಯಾಪಕಿ ಕಮಲಾ ತಮ್ಮ ಕಾಲೇಜಿನ ಒಂದೇ ಒಂದು ಯಂತ್ರವನ್ನು ಎರಡು ವಾರ ನಮಗೆ ಬಿಟ್ಟುಕೊಡುತ್ತಾರೆ. ಇದನ್ನೆಲ್ಲ ಶಶಿಗೆ ಹೇಳುತ್ತ ನೋಡಿದರೆ, ಅವನ ಲ್ಯಾಬಿನಲ್ಲಿ ಅಂಥವು ಮೂರಿದ್ದವು. ಒಂದರ ಮೇಲೆ ಯಾರೋ ಜಾಕೆಟ್ ಎಸೆದು ಹೋಗಿದ್ದರು. ನನಗೆ ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು. ಇವನಿಗೆ ಇದೆಲ್ಲ, ನನಗೆ ಯಾಕಿಲ್ಲ?

ರಾತ್ರಿ ಅವನ ಮನೆಯಲ್ಲಿ ಊಟಕ್ಕೆ ಜೋಳದ ರೊಟ್ಟಿ. "ಅಂಕಲ್, ಇನ್ನೊಂದು ಬೇಕಾ? ಅಪ್ಪ ಮೇಡ್ ಇಟ್" ಎಂದಳು ಅವನ ಮಗಳು. ರೊಟ್ಟಿಯೂ ತೆಳ್ಳಗೆ ಬಂದಿತ್ತು. ಅದಕ್ಕೂ ಹೊಟ್ಟೆ ಉರಿಯಿತು. ನಾಚಿಕೆ ಬಿಟ್ಟು ಫಾರಮಿನ ವಿಷಯ ಎತ್ತಿದೆ.

"ಇಷ್ಟಕ್ಕ ಇಷ್ಟ್ಯಾಕೋ ಸಂಕೋಚ? ನಿನ್ನ ಹುಡುಗರ ಪೇಪರ್ ಓದೀನಿ, ಛಲೋ ಅದಾವ" ಎಂದು ಶಶಿ ಅಲ್ಲೇ ಲ್ಯಾಪ್‌ಟಾಪ್ ಓಪನ್ ಮಾಡಿದ. ಅರ್ಧ ನಿಮಿಷದಲ್ಲಿ ನಮ್ಮ ಕಾಲೇಜಿನ ಹೆಸರು ಟೈಪ್ ಮಾಡಿ ಮುಗಿಸಿದ. ಆಮೇಲೆ ಕೇಳಿದ: "ನಿನಗೂ ಫಾರಂ ಬಂದಿತ್ತಲ್ಲ? ಯಾರ‍್ಯಾರ ಹೆಸರು ಬರದಿ?"

"ನಿಮ್ಮದನ್ನ ಮೂರನೇದಾಗಿ ಬರದೀನಿ."

"ನಮ್ಮದು ಬಿಡೋ. ನಿಮಗ ಮಷೀನ್ ಕೊಡ್ತಾರಲ್ಲ, ಆ ಕಾಠ್ಮಂಡು ಮೇಡಂದು ಬರದಿಯಿಲ್ಲೋ?"

ತಿಂಗಳ ಹಿಂದೆಯೇ ತುಂಬಿ ಕಳಿಸಿದ್ದೆ. ಹತ್ತೂ ಹೆಸರು ಅಮೆರಿಕ, ಇಂಗ್ಲೆಂಡಿನವು. ಬರೆಯುವಾಗ ಕಮಲಾ ಅವರ ಕಾಲೇಜು ನೆನಪಿಗೇ ಬಂದಿರಲಿಲ್ಲ.

"ಹೂಂ, ಬರದೀನಿ" ಎಂದೆ.

ಮರುದಿನ ಡಲ್ಲೆಸ್‌ಗೆ ವಾಪಸ್ಸಾಗುವ ದಾರಿಯಲ್ಲಿ, ಒಂದು ಹೆಸರು ಬದಲಿಸಬಹುದೇ ಎಂದು ಫಾರಮಿನವರಿಗೆ ಇಮೇಲ್ ಬರೆದೆ. ಒಮ್ಮೆ ಕಳಿಸಿದ್ದನ್ನು ತಿದ್ದಲಾಗದು ಎಂದು ಉತ್ತರ ಬಂತು. ವಿಮಾನ ಹತ್ತುವ ಮೊದಲು ಕಮಲಾ ಅವರ ಮೆಸೇಜೂ ಬಂತು: "ಇವತ್ತು ಫಾರಂ ತುಂಬಿದೆ. ಮೊದಲ ಹೆಸರು ನಿಮ್ಮದೇ. ಚಳಿಗಾಲಕ್ಕೆ ಹುಡುಗರನ್ನು ಯಾವಾಗ ಕಳಿಸುತ್ತೀರಿ?" ಅಷ್ಟು ದೊಡ್ಡ ಮನಸ್ಸು ಆಕೆಗೆ ಇದೆಯಲ್ಲ ಎಂದು ಅದರ ಮೇಲೂ ಹೊಟ್ಟೆಕಿಚ್ಚಾಯಿತು.

ದೆಹಲಿಯಿಂದ ಪಾರೋಗೆ ಹೋಗುವ ವಿಮಾನ ನಡುವೆ ಕಾಠ್ಮಂಡುವಿನಲ್ಲಿ ಮುಕ್ಕಾಲು ಗಂಟೆ ನಿಂತಿತು. ಪಕ್ಕದ ಪ್ರಯಾಣಿಕರು, ಹೊರಗೆ ಬೆಟ್ಟ ಎಷ್ಟು ಚೆನ್ನಾಗಿ ಕಾಣುತ್ತಿದೆ ನೋಡಿ ಎಂದರು. ನಾನು ಕಿಟಕಿಯ ಪರದೆ ಎಳೆದುಕೊಂಡೆ.