ಆರು ತಿಂಗಳಿಗೊಂದು ಫೋಟೊ

“ಇವಳಿಗೆ ಸ್ವಲ್ಪ ವಯಸ್ಸು ಹೆಚ್ಚಿಸಿ ಕೊಡುತ್ತೀರಾ? ಹೊಸ ಫೋಟೊದ ಹಾಗೆ ಕಾಣಬೇಕು.” ಅರಬ್ಬಿಯಲ್ಲಿ ಹೀಗೆ ಕೇಳಿದ ಆತ, ಹೆಂಡತಿಯ ಹಳೆಯ ಪಾಸ್‌ಪೋರ್ಟ್ ಫೋಟೊವನ್ನು ನನ್ನ ಮೇಜಿನ ಮೇಲಿಟ್ಟ.

ಸೌದಿಯ ಥುಕ್ಬಾದಲ್ಲಿರುವ ನಮ್ಮ ಸ್ಟುಡಿಯೊಗೆ ಸಿರಿಯಾದ ಈ ನಿರಾಶ್ರಿತ ಹಳೆಯ ಗಿರಾಕಿ. ಕೆನಡಾದಲ್ಲಿ ಕಾಯಂ ನೆಲೆಸಲು ಅರ್ಜಿ ಹಾಕಿ ವರ್ಷಗಳಾಗಿವೆ. ಅಲ್ಲಿಂದ ಯಾವಾಗ ಕೇಳಿದರೂ ಹೊಸ ಫೋಟೊ ಕೈಯಲ್ಲಿರಲಿ ಎಂದು ಆರು ತಿಂಗಳಿಗೊಮ್ಮೆ ಹೆಂಡತಿ, ಮಗಳನ್ನು ಕರೆತರುತ್ತಿದ್ದ. ಯಾರೂ ಕೇಳಲೇ ಇಲ್ಲ.

“ಹೋದ ತಿಂಗಳು ತೀರಿಕೊಂಡಳು. ಅರ್ಜಿ ಇರುವುದು ಅವಳ ಹೆಸರಲ್ಲಿ. ಸತ್ತಳೆಂದು ತಿಳಿಸಿದರೆ ನಾವು ಮೊದಲಿನಿಂದ ಕಾಯಬೇಕು.”

ಜೊತೆಗೆ ಕೆಲಸ ಮಾಡುವ ಉಚ್ಚಿಲದ ರಫೀಕ್ ಮೆಲ್ಲಗೆ, “ಬೇಡ ಮಾರಾಯ, ನಮ್ಮ ಇಕಾಮಾಕ್ಕೇ ಕುತ್ತು ಬಂದೀತು, ಊರಿಗೆ ಅಟ್ಟಿಯಾರು” ಎಂದ. ಅವನು ಹೇಳಿದ್ದು ಸರಿಯೇ. ಆದರೂ ಇಲ್ಲವೆನ್ನಲು ಬಾಯಿ ಬರಲಿಲ್ಲ. ಕಂಪ್ಯೂಟರಿನಲ್ಲಿ ಅವಳ ಕಣ್ಣಿನ ಕೆಳಗೆ ಎರಡು ಗೆರೆ ಎಳೆದೆ. ಆತ ಪರದೆಯನ್ನೇ ನೋಡುತ್ತಾ ನಿಂತ.

“ಅಳಿಸಿಬಿಡಿ. ಅವಳಾದರೂ ಇನ್ನು ಕಾಯುವುದು ಬೇಡ.”

ಅಂದು ಅಪ್ಪ, ಮಗಳ ಫೋಟೊ ಮಾತ್ರ ತೆಗೆದೆ. ಅದೂ ಹಳತಾಗಿ ಮೊನ್ನೆ ಇಬ್ಬರೂ ಮತ್ತೆ ಬಂದಿದ್ದರು. ಎಂಟು ವರ್ಷದ ಆ ಹುಡುಗಿ ಯಾರೂ ಹೇಳದೆಯೇ ಸ್ಟೂಲಿನ ಮೇಲೆ ಕೂತು, ನಗು ನಿಲ್ಲಿಸಿ, ಗದ್ದ ಎತ್ತಿದಳು.