ಲೆಂಪಿ ಮಾರುವ ಹಳೆಯ ಬಿಲ್ಲು
ನಮ್ಮ ಉತ್ತರ ಮಿಶಿಗನ್ನಿನಲ್ಲಿ ಜಿಂಕೆ ಬೇಟೆ ಕಲಿಯಹೊರಟವರೆಲ್ಲ ಲೆಂಪಿ ಕೋಸ್ಕಿಯ ಅಂಗಡಿಗೆ ಹೋಗಿ, ಬೈಸಿಕೊಂಡೇ ಹಳೆಯ ಬಿಲ್ಲು ಕೊಳ್ಳಬೇಕು. ಅರವತ್ತು ದಾಟಿದ ಲೆಂಪಿ ಬೆಲೆ ಹೇಳುವ ಮೊದಲು ನಿಮ್ಮ ತೋಳಿನ ಉದ್ದ ಅಳೆಯುತ್ತಾಳೆ. ಹೊಸಬರು ಕೇಳುವುದು ಅಂಗಡಿಯಲ್ಲೇ ಅತಿ ಬಿಗಿಯಾದ ಬಿಲ್ಲನ್ನು ಎಂದು ಅವಳಿಗೆ ಗೊತ್ತು. ಅದನ್ನೇ ಕೈಗಿತ್ತು, ಸ್ಟೂಲಿನ ಮೇಲೆ ಕೂರಿಸಿ, ಎಳೆ ಎನ್ನುತ್ತಾಳೆ. ನಾನೂ ಹಲ್ಲು ಕಚ್ಚಿ, ಬಿಲ್ಲನ್ನು ಮೇಲೆತ್ತಿ ಎಳೆದೆ. "ಮೇಲ್ಯಾಕೆ ಎತ್ತುತೀಯೋ? ಜಿಂಕೆ ಮೋಡದ ಮೇಲೆ ಕೂತಿದೆಯಾ?" ಎಂದು ಕಿತ್ತುಕೊಂಡು, ನನ್ನ ಶಕ್ತಿಗೆ ತಕ್ಕ ಮೆದು ಬಿಲ್ಲೊಂದನ್ನು ಆರಿಸಿದಳು. ಯಾವ ಬಿಲ್ಲನ್ನೇ ಆಗಲಿ, ಮಾರುವ ಮುಂಚೆ ಅದರ ಉದ್ದಕ್ಕೂ ಹತ್ತಿಯ ಉಂಡೆ ಆಡಿಸುವುದು ಅವಳ ಪದ್ಧತಿ. ಒಂದೆಳೆ ಸಿಕ್ಕಿಕೊಂಡರೂ ಅಲ್ಲಿ ಬಿರುಕಿದೆ ಎಂದರ್ಥ. ಅಂದು ಸಿಕ್ಕಿಕೊಂಡಿತು. ಲೆಂಪಿ ಗರಗಸ ತಂದು, ನನಗಾಗಲೇ ಇಷ್ಟವಾಗಿಬಿಟ್ಟಿದ್ದ ಬಿಲ್ಲನ್ನು ಎರಡು ತುಂಡು ಮಾಡಿದಳು. "ಅಯ್ಯೋ, ಕಣ್ಣಿಗೂ ಕಾಣದ ಬಿರುಕಿಗೆ ಇಷ್ಟು ದೊಡ್ಡ ಶಿಕ್ಷೇನಾ?" ಎಂದೆ. ಅವಳು ಮಡಚಲು ಬಾರದ ತನ್ನ ಎರಡು ಬೆರಳು ತೋರಿಸಿದಳು. "ಹದಿನಾರನೇ ವಯಸ್ಸಲ್ಲಿ ನಾನು ಹಿಡಿದ ಮೊದಲನೇ ಬಿಲ್ಲು, ಎಳೀತಿದ್ದ ಹಾಗೇ ಸಿಡೀತು." "ಯಾವ ಪಾಪಿ ಕೊಟ್ಟಿದ್ದು?" ಎಂದು ಕೇಳಿದೆ. "ನಮ್ಮಪ್ಪ. ಇದೇ ಅಂಗಡೀಲಿ. ಅವನಿಗೂ ಬಿರುಕು ಕಂಡಿರ್ಲಿಲ್ಲ, ಪಾಪ." ಮೇಜಿನ ಮೇಲಿನ ಮರದ ಪುಡಿ ಒರೆಸಿ, ಗೋಡೆಯಿಂದ ನನಗಾಗಿ ಇನ್ನೊಂದು ಬಿಲ್ಲು ಇಳಿಸುತ್ತ ಹೇಳಿದಳು: "ಆಮೇಲೆ ಸಾಯೋ ತನಕ ಅಪ್ಪ ಬಿಲ್ಲು ಮುಟ್ಟಲಿಲ್ಲ ಕಣೋ. ಮೀನು ಹಿಡಿಯೋರಿಗೆ ಎರೆಹುಳ ಮಾರ್ಕೊಂಡೇ ಇದ್ದ."